ಕ್ಯಾನ್ಬೆರಾದ ಟ್ರಾಮು: ನಿಮಿಷದ ಲೆಕ್ಕ, ದುಡ್ಡಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯದ ರಾಜಧಾನಿ ಕ್ಯಾನ್ಬೆರಾದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಒಂದು ಜಗಳ ನಡೆಯುತ್ತಿದೆ. ಜಗಳ ಟ್ರಾಮಿನದು, ಅಂದರೆ ರಸ್ತೆಯಲ್ಲೇ ಹಾಸಿದ ಹಳಿಯ ಮೇಲೆ ಓಡುವ ವಿದ್ಯುತ್ ಗಾಡಿಯದು; ಲಘು ರೈಲು ಎಂದೂ ಕರೆಯುತ್ತಾರೆ. ಐದು ಲಕ್ಷ ಜನವೂ ಇಲ್ಲದ ಊರು, ನಮ್ಮ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟು. ಅಂಥ ಊರಿಗೆ ಲಘು ರೈಲು ಬೇಕೇ? ಬಸ್ಸು ಸಾಲದೇ? ಬಸ್ಸಿಗಿಂತ ಬೇಗ ಹೋಗದ ಗಾಡಿಗೆ ಅಷ್ಟೊಂದು ದುಡ್ಡು ಯಾಕೆ ಸುರಿಯಬೇಕು? ಈ ಪ್ರಶ್ನೆಗಳ ಮೇಲೆ ಅಲ್ಲಿ ಚುನಾವಣೆಗಳನ್ನೇ ಆಡಿದ್ದಾರೆ.

ಶುರುವಾದದ್ದು ಒಂದೇ ಒಂದು ಸೀಟಿನಿಂದ. 2012ರ ಚುನಾವಣೆಯಲ್ಲಿ ಅಲ್ಲಿನ ಶಾಸನಸಭೆಯ 17 ಸ್ಥಾನಗಳ ಪೈಕಿ ಲೇಬರ್ ಪಕ್ಷಕ್ಕೆ 8, ಲಿಬರಲ್ ಪಕ್ಷಕ್ಕೆ 8 ಬಂದವು. ಉಳಿದ ಒಂದು ಸ್ಥಾನ ಗ್ರೀನ್ಸ್ ಪಕ್ಷದ ಶೇನ್ ರಾಟನ್‌ಬರಿ ಅವರದು. ಲೇಬರ್ ಸರ್ಕಾರಕ್ಕೆ ಬೆಂಬಲ ಕೊಡುವಾಗ ಅವರು ಬರೆಸಿಕೊಂಡ ಷರತ್ತುಗಳಲ್ಲಿ ಲಘು ರೈಲೂ ಒಂದು. 2016ರ ಮೇ ತಿಂಗಳಲ್ಲಿ ಗುತ್ತಿಗೆಗೆ ಸಹಿ ಬಿತ್ತು. ಗೆದ್ದರೆ ಈ ಗುತ್ತಿಗೆಯನ್ನು ರದ್ದು ಮಾಡುತ್ತೇವೆ ಎಂದು ಲಿಬರಲ್ ಪಕ್ಷ ಅದೇ ಅಕ್ಟೋಬರಿನ ಚುನಾವಣೆಗೆ ಹೋಯಿತು, ಸೋತಿತು. 2024ರಲ್ಲಿ ಮುಂದಿನ ಹಂತ ಬೇಡ ಎಂದು ಹೇಳಿಯೂ ಸೋತಿತು. ಹಾಗೆಂದು ಜನಾಭಿಪ್ರಾಯ ಟ್ರಾಮಿನ ಪರ ಎಂದು ಷರಾ ಬರೆದುಬಿಡಬೇಡಿ. ಚುನಾವಣೆಯಲ್ಲಿ ಜನ ಆಸ್ಪತ್ರೆ, ಶಾಲೆ, ಮನೆತೆರಿಗೆ ಎಲ್ಲದಕ್ಕೂ ಸೇರಿಸಿ ಒಂದೇ ಮತ ಹಾಕುತ್ತಾರೆ. ಊರಿನ ಉತ್ತರ ಭಾಗದವರ ಅಭಿಪ್ರಾಯ ಒಂದು, ದಕ್ಷಿಣದವರದು ಇನ್ನೊಂದು, ಮತ್ತು ಎರಡಕ್ಕೂ ಕಾರಣವಿದೆ.

ಮೊದಲು ಉತ್ತರದ ಮಾರ್ಗ. ಗುಂಗಾಲಿನ್ ಎಂಬ ಬಡಾವಣೆಯಿಂದ ನಗರದ ನಡುವಿನ ಅಲಿಂಗಾ ಸ್ಟ್ರೀಟ್‌ವರೆಗೆ 12 ಕಿಲೋಮೀಟರ್. 2019ರ ಏಪ್ರಿಲ್ 20ರಂದು ಶುರುವಾಯಿತು. ಆಗ 13 ನಿಲ್ದಾಣ, ಮತ್ತೊಂದು 2021ರಲ್ಲಿ ಸೇರಿತು. 33 ಮೀಟರ್ ಉದ್ದದ ಗಾಡಿ, 66 ಸೀಟು, ನಿಂತವರೂ ಸೇರಿ 207 ಜನ. ಗರಿಷ್ಠ ವೇಗ ಗಂಟೆಗೆ 70 ಕಿಲೋಮೀಟರ್. ಪೂರ್ತಿ ದಾರಿಗೆ 24 ನಿಮಿಷ. ಅಂದರೆ ಸರಾಸರಿ ವೇಗ 30.

ಇದನ್ನು ಮೆಲ್ಬರ್ನ್ ಜೊತೆ ಇಟ್ಟು ನೋಡಿ. ಸುಮಾರು 250 ಕಿಲೋಮೀಟರ್ ಹಳಿ ಇರುವ, ಜಗತ್ತಿನಲ್ಲೇ ಅತಿ ದೊಡ್ಡ ಟ್ರಾಮ್ ಜಾಲ ಅದು. ಅಲ್ಲಿನ ಸರಾಸರಿ ವೇಗ 16ರ ಆಸುಪಾಸು, ಏಕೆಂದರೆ ಹಳಿಯ ಮುಕ್ಕಾಲು ಪಾಲು ಕಾರುಗಳ ಜೊತೆಗೇ ಹಂಚಿಕೊಂಡದ್ದು. ಆದರೂ ಮೆಲ್ಬರ್ನಿನವರಿಗೆ ತಮ್ಮ ಟ್ರಾಮು ಎಂದರೆ ಪ್ರಾಣ. ವೇಗ ಮತ್ತು ಮೆಚ್ಚುಗೆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ವೇಗ ಹೋಗುವುದಾದರೂ ಎಲ್ಲಿಗೆ? ಕಾಗದ, ಪೆನ್ನು ಕೈಯಳತೆಯಲ್ಲಿದ್ದರೆ ತೆಗೆದುಕೊಳ್ಳಿ, ಸಣ್ಣ ಲೆಕ್ಕ.

ನಿಂತ ಟ್ರಾಮು ಪ್ರತಿ ಸೆಕೆಂಡಿಗೆ ಗಂಟೆಗೆ ಸುಮಾರು 3.6 ಕಿಲೋಮೀಟರ್‌ನಂತೆ ವೇಗ ಏರಿಸಿಕೊಳ್ಳುತ್ತದೆ. ಅದಕ್ಕಿಂತ ತೀರ ಹೆಚ್ಚಿಸಿದರೆ ಹಿಡಿಗಂಬ ಹಿಡಿಯದೆ ನಿಂತವರು ಬೀಳುತ್ತಾರೆ. ಬ್ರೇಕಿಗೂ ಹೆಚ್ಚುಕಡಿಮೆ ಇದೇ ಮಿತಿ. 50ರ ವೇಗದಲ್ಲಿ ಹೋಗುವ ಗಾಡಿ ಒಂದು ನಿಲ್ದಾಣದಲ್ಲಿ ನಿಂತು ಹೊರಟರೆ, ನಿಧಾನಿಸಿ ಮತ್ತೆ ವೇಗ ಹಿಡಿಯುವುದರಲ್ಲೇ 14 ಸೆಕೆಂಡು ನಷ್ಟ. ಬಾಗಿಲು ತೆರೆದು, ಜನ ಇಳಿದು ಹತ್ತಿ, ಬಾಗಿಲು ಮುಚ್ಚಲು 25 ಸೆಕೆಂಡು ಹಿಡಿಯೋಣ. ನಿಲ್ದಾಣಗಳ ನಡುವೆ 500 ಮೀಟರ್ ಇದ್ದರೆ, ಆ ದೂರವನ್ನು 50ರ ವೇಗದಲ್ಲಿ ದಾಟಲು 36 ಸೆಕೆಂಡು. ಒಟ್ಟು 75. ಸರಾಸರಿ ವೇಗ 24ಕ್ಕೆ ಇಳಿಯಿತು.

ಈಗ ಗರಿಷ್ಠ ವೇಗವನ್ನು 70ಕ್ಕೆ ಏರಿಸಿ. ಓಟಕ್ಕೆ 26 ಸೆಕೆಂಡು ಸಾಕು, ಆದರೆ ಏರಿಳಿತದ ನಷ್ಟ 19ಕ್ಕೆ ಬೆಳೆಯಿತು, ನಿಲುಗಡೆ ಅದೇ 25. ಒಟ್ಟು 70. ಇಷ್ಟೆಲ್ಲ ಮಾಡಿ ಉಳಿಸಿದ್ದು ಐದೇ ಸೆಕೆಂಡು. ಇನ್ನು ಅದೇ ದಾರಿಯಲ್ಲಿ, 50ರ ಗಾಡಿಗೇ, ಪ್ರತಿ ಎರಡು ನಿಲ್ದಾಣಗಳ ನಡುವೆ ಒಂದು ಕೆಂಪು ದೀಪ 20 ಸೆಕೆಂಡು ಹಿಡಿದು ನಿಲ್ಲಿಸಿತು ಅನ್ನಿ. 75 ಇದ್ದದ್ದು 95 ಆಯಿತು, ಸರಾಸರಿ 19ಕ್ಕೆ ಬಿತ್ತು. ಹೊಸ ಗಾಡಿಯ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆಯುವ ಗರಿಷ್ಠ ವೇಗಕ್ಕಿಂತ ರಸ್ತೆಬದಿಯ ಸಿಗ್ನಲ್ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ನಾಲ್ಕು ಪಟ್ಟು ಬೆಲೆಬಾಳುತ್ತದೆ ಅಂದಹಾಗಾಯಿತು.

ಗುಂಗಾಲಿನ್ ಮಾರ್ಗ ಗೆದ್ದದ್ದು ಇಲ್ಲೇ. ನಿಲ್ದಾಣಗಳ ಅಂತರ ಸರಾಸರಿ ಒಂದು ಕಿಲೋಮೀಟರ್. ನಾರ್ತ್‌ಬೋರ್ನ್ ಅವೆನ್ಯೂ ಎಂಬ ಅಗಲ ರಸ್ತೆಯ ನಡುಪಟ್ಟಿಯಲ್ಲಿ ಹಳಿ, ಕಾರು ಅಡ್ಡ ಬರುವುದು ಚೌಕಗಳಲ್ಲಿ ಮಾತ್ರ. ಟಿಕೆಟ್ ಕಾರ್ಡನ್ನು ಪ್ಲಾಟ್‌ಫಾರ್ಮಿನಲ್ಲೇ ಮುಟ್ಟಿಸುವುದರಿಂದ ಎಲ್ಲ ಬಾಗಿಲಲ್ಲೂ ಒಟ್ಟಿಗೆ ಹತ್ತಬಹುದು. ಮೆಟ್ಟಿಲಿಲ್ಲ, ಗಾಲಿಕುರ್ಚಿಯವರೂ ತಳ್ಳುಗಾಡಿಯಲ್ಲಿ ಮಗು ಇರುವವರೂ ನೇರ ಒಳಗೆ. ನಮ್ಮ ಲೆಕ್ಕದ ಪ್ರಕಾರ ಸಿಗ್ನಲ್ಲೇ ಇಲ್ಲದಿದ್ದರೆ ಈ ದಾರಿಗೆ 19 ನಿಮಿಷ ಸಾಕು. ನಿಜವಾಗಿ ಬೇಕಾಗಿರುವುದು 24. ಚೌಕ, ತಿರುವು, ಎಲ್ಲ ಸೇರಿ ನಷ್ಟ ಐದೇ ನಿಮಿಷ. ರಸ್ತೆ ಮೇಲಿನ ಟ್ರಾಮಿಗೆ ಇದು ಬಹಳ ಒಳ್ಳೆಯ ಅಂಕ.

ಸಿಡ್ನಿಯಲ್ಲಿ ಎಡವಿದ್ದೂ ಇದೇ ಜಾಗದಲ್ಲಿ. ಸರ್ಕ್ಯುಲರ್ ಕೀ ಬಂದರಿನಿಂದ ರ‍್ಯಾಂಡ್ವಿಕ್ ಕಡೆಗೆ 2019ರ ಡಿಸೆಂಬರ್ 14ರಂದು ಟ್ರಾಮು ಬಿಟ್ಟರು. ಎರಡು ಗಾಡಿ ಜೋಡಿಸಿ 67 ಮೀಟರ್ ಉದ್ದ, 450 ಜನ. ಮೊದಲ ವಾರಗಳಲ್ಲಿ ಪ್ರಯಾಣ 50 ನಿಮಿಷದ ಹತ್ತಿರ ಹೋಗಿ, ಹಳೆಯ ಬಸ್ಸೇ ವಾಸಿ ಎಂದು ಜನ ಆಡಿಕೊಂಡರು. ವಿಚಿತ್ರವೆಂದರೆ ಜಗತ್ತಿನ ಎಷ್ಟೋ ನಗರಗಳು ಬಳಸುವ ಸ್ಕ್ಯಾಟ್ಸ್ ಎಂಬ ಸಿಗ್ನಲ್ ವ್ಯವಸ್ಥೆ ಹುಟ್ಟಿದ್ದೇ ಸಿಡ್ನಿಯಲ್ಲಿ. ಅದೇ ಊರಿನ ಟ್ರಾಮಿಗೆ ಚೌಕ ಚೌಕದಲ್ಲೂ ಕೆಂಪು.

ಆದ್ಯತೆ ಕೊಡುವುದು ಕೇಳಿದಷ್ಟು ಸುಲಭವೂ ಅಲ್ಲ, ಬಿಡಿ. ಟ್ರಾಮು ಬರುತ್ತಿದೆ ಎಂದು ಚೌಕಕ್ಕೆ ಮುಂಚೆಯೇ ಸುದ್ದಿ ಹೋಗಬೇಕು. ಆಗ ಸಿಗ್ನಲ್ಲು ಹಸಿರನ್ನು ಹತ್ತು ಸೆಕೆಂಡು ಎಳೆಯಬಹುದು, ಇಲ್ಲವೇ ಅಡ್ಡರಸ್ತೆಯ ಹಸಿರನ್ನು ಬೇಗ ಮುಗಿಸಬಹುದು. ಆದರೆ ಅಡ್ಡರಸ್ತೆ ದಾಟುತ್ತಿರುವ ಪಾದಚಾರಿಯನ್ನು ನಡುವೆ ಬಿಡುವಂತಿಲ್ಲ. 14 ಮೀಟರ್ ರಸ್ತೆ ದಾಟಲು ಅವರಿಗೆ 12 ಸೆಕೆಂಡಾದರೂ ಬೇಕು. ಅಡ್ಡರಸ್ತೆಯಲ್ಲಿ ತುಂಬಿದ ಬಸ್ಸುಗಳಿದ್ದರೆ, ಟ್ರಾಮಿನವರಿಗೆ ಉಳಿಸಿದ ಸಮಯವನ್ನು ಬಸ್ಸಿನವರಿಂದ ಕಿತ್ತುಕೊಂಡಂತೆ. ಮೇಲಾಗಿ, ಹಿಂದಿನ ನಿಲ್ದಾಣದಲ್ಲಿ ಯಾರೋ ಬಾಗಿಲಿಗೆ ಕೈಯಿಟ್ಟು ಹತ್ತು ಸೆಕೆಂಡು ತಡಮಾಡಿದರೆ ಕಾದಿಟ್ಟ ಹಸಿರು ಕೈತಪ್ಪಿ ಹೋಗುತ್ತದೆ. ತಡವಾದ ಗಾಡಿಗೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ, ಅದರಿಂದ ಇನ್ನಷ್ಟು ತಡ. ಹಿಂದಿನ ಗಾಡಿ ಬಂದು ಬೆನ್ನಿಗೆ ಅಂಟಿಕೊಳ್ಳುತ್ತದೆ. ಐದು ನಿಮಿಷಕ್ಕೊಂದು ಎಂದು ಬೋರ್ಡಿನಲ್ಲಿದ್ದರೂ ಹತ್ತು ನಿಮಿಷ ಕಾದ ಮೇಲೆ ಎರಡು ಒಟ್ಟಿಗೆ ಬರುವುದು ಹೀಗೆ.

ಈಗ ಕ್ಯಾನ್ಬೆರಾದ ದಕ್ಷಿಣಕ್ಕೆ ಬರೋಣ. ನಗರದ ನಡುವಿನಿಂದ, ಸರೋವರ ದಾಟಿ, ಸಂಸತ್ ಭವನದ ಪಕ್ಕದಿಂದ ವೋಡನ್ ಎಂಬ ಬಡಾವಣೆಗೆ ಟ್ರಾಮು ಒಯ್ಯುವ ಯೋಜನೆ. ಅಲ್ಲಿ ಈಗಾಗಲೇ ಆರ್-4 ಎಂಬ ಬಸ್ಸಿದೆ. ಪ್ರಧಾನಿಯ ನಿವಾಸವಿರುವ ಅಡಿಲೇಡ್ ಅವೆನ್ಯೂ ಮೇಲ್ಸೇತುವೆಗಳಿರುವ ವೇಗದ ರಸ್ತೆ, 80ರ ಮಿತಿ. ಬಸ್ಸು ಎಲ್ಲೂ ಹೆಚ್ಚು ನಿಲ್ಲದೆ ಕಾಲು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಟ್ರಾಮು ಸುತ್ತಿಕೊಂಡು, ಹೆಚ್ಚು ಕಡೆ ನಿಂತು ಹೋಗುವುದರಿಂದ ಹತ್ತು ನಿಮಿಷವಾದರೂ ಹೆಚ್ಚು ಬೇಕು. ಈಗಿರುವುದಕ್ಕಿಂತ ನಿಧಾನದ ಗಾಡಿಗೆ ನಾವೇಕೆ ತೆರಿಗೆ ಕಟ್ಟಬೇಕು ಎಂದು ವೋಡನ್‌ನವರು ಕೇಳಿದರೆ, ಅವರ ಲೆಕ್ಕದಲ್ಲಿ ತಪ್ಪಿಲ್ಲ. ಟ್ರಾಮಿನ ಪರ ಇರುವವರು ಇದನ್ನು ಒಪ್ಪಿಕೊಂಡು ಮಾತು ಮುಂದುವರಿಸಬೇಕಿತ್ತು. ಸವಾರಿ ನಯವಾಗಿರುತ್ತದೆ ಎಂದು ಸಮಜಾಯಿಷಿ ಕೊಟ್ಟರೆ ಕೈಯಲ್ಲಿ ಗಡಿಯಾರ ಕಟ್ಟಿದವನಿಗೆ ಸಮಾಧಾನವಾಗದು.

ಪದೇ ಪದೇ ಸಿಗುವುದರಿಂದ ಟ್ರಾಮಿಗೆ ಕಾಯುವ ಹೊತ್ತು ಕಡಿಮೆ ಎಂಬ ವಾದವೂ ಇಲ್ಲಿ ಅರ್ಧ ಮಾತ್ರ ನಿಲ್ಲುತ್ತದೆ. ಗಾಡಿಯೊಳಗೆ ಕೂತ ಒಂದು ನಿಮಿಷಕ್ಕಿಂತ ನಿಲ್ದಾಣದಲ್ಲಿ ಕಾದ ಒಂದು ನಿಮಿಷ ಸುಮಾರು ಎರಡು ಪಟ್ಟು ಭಾರ ಎಂದು ಸಾರಿಗೆ ಯೋಜಕರು ಲೆಕ್ಕ ಹಿಡಿಯುತ್ತಾರೆ. ಹತ್ತು ನಿಮಿಷಕ್ಕೊಂದು ಗಾಡಿ ಇದ್ದರೆ ಸರಾಸರಿ ಕಾಯುವುದು ಐದು ನಿಮಿಷ, ಅನಿಸುವುದು ಹತ್ತು. ಐದು ನಿಮಿಷಕ್ಕೊಂದು ಬಿಟ್ಟರೆ ಅನಿಸುವುದು ಐದು. ಹಾಗಾಗಿ ಐದು ನಿಮಿಷ ನಿಧಾನವಾದರೂ ಪದೇ ಪದೇ ಸಿಗುವ ಗಾಡಿ ಸರಿಸಮ. ಆದರೆ ಪದೇ ಪದೇ ಬಿಡುವುದು ಬಸ್ಸಿನಿಂದಲೂ ಆಗುತ್ತದಲ್ಲ? ಆಗುತ್ತದೆ, ಚಾಲಕರಿದ್ದರೆ. 207 ಜನರನ್ನು ಒಯ್ಯಲು ಒಂದು ಟ್ರಾಮು, ಒಬ್ಬ ಚಾಲಕ ಸಾಕು. ಬಸ್ಸಾದರೆ ಮೂರು, ಚಾಲಕರೂ ಮೂವರು. ಆಸ್ಟ್ರೇಲಿಯದ ಸಂಬಳದಲ್ಲಿ ಇದು ದೊಡ್ಡ ಉಳಿತಾಯ. ನಮ್ಮಲ್ಲಿ ಅಷ್ಟಲ್ಲ; ಅಲ್ಲಿನ ವರದಿಯ ಈ ಸಾಲನ್ನು ಹಾಗೇ ಎತ್ತಿ ಇಲ್ಲಿ ಹಚ್ಚಿದರೆ ಲೆಕ್ಕ ಕೆಡುತ್ತದೆ.

ಇನ್ನು ದುಡ್ಡು. ಮೊದಲ ಹಂತಕ್ಕೆ ತಗುಲಿದ್ದು ಸುಮಾರು 67.5 ಕೋಟಿ ಆಸ್ಟ್ರೇಲಿಯನ್ ಡಾಲರ್, ಕಿಲೋಮೀಟರಿಗೆ 5.6 ಕೋಟಿ. ದಕ್ಷಿಣದ ಮೊದಲ ತುಂಡು ಬರೀ 1.7 ಕಿಲೋಮೀಟರ್, ಮೂರು ನಿಲ್ದಾಣ. ಅದರ ಗುತ್ತಿಗೆಯೇ 57.7 ಕೋಟಿ. ಕಿಲೋಮೀಟರಿಗೆ 34 ಕೋಟಿ ಬಿತ್ತು! ವರ್ಷ ಬೇರೆ, ಕೆಲಸವೂ ಬೇರೆ, ನಿಜ. ಸಂಸತ್ ಭವನದ ನೋಟಕ್ಕೆ ತಂತಿ ಅಡ್ಡ ಬರಬಾರದು ಎಂಬ ಕಟ್ಟುಪಾಡಿನಿಂದ ಈ ಭಾಗದಲ್ಲಿ ಟ್ರಾಮು ತನ್ನೊಳಗೇ ಕೂಡಿಟ್ಟ ವಿದ್ಯುತ್ತಿನ ಮೇಲೆ ಓಡಬೇಕು, ಹಳೆಯ ಗಾಡಿಗಳಿಗೂ ಆ ಸಲಕರಣೆ ಕೂಡಿಸಬೇಕು. ಇದರ ಜೊತೆಗೆ ಲಂಡನ್ ಸರ್ಕಿಟ್ ಎಂಬ ರಸ್ತೆಯನ್ನೇ ಮೇಲಕ್ಕೆತ್ತಿ ಪಕ್ಕದ ಕಾಮನ್‌ವೆಲ್ತ್ ಅವೆನ್ಯೂ ಮಟ್ಟಕ್ಕೆ ತಂದರು, ಅದು ಪ್ರತ್ಯೇಕ ಕಾಮಗಾರಿ. ಈ ತುಂಡು 2028ರಲ್ಲಿ ಶುರುವಾಗಬೇಕು.

ನೆಲದಡಿಯ ಕೇಬಲ್ಲು, ಕೊಳವೆಗಳ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಸಿಡ್ನಿಯನ್ನೇ ನೋಡಬೇಕು. ಹಳಿಯ ಕೆಳಗೆ ಕಾಂಕ್ರೀಟ್ ಹಾಸಿದ ಮೇಲೆ ಅಗೆಯುವಂತಿಲ್ಲ, ಆದ್ದರಿಂದ ಎಲ್ಲವನ್ನೂ ಮೊದಲೇ ಸರಿಸಬೇಕು. ವಿದ್ಯುತ್ ಸಂಸ್ಥೆಯ ಕೇಬಲ್ ಗುಂಡಿಗಳ ಕೆಲಸ ತಮಗೆ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಿತ್ತು ಎಂದು ಗುತ್ತಿಗೆದಾರ ಕಂಪನಿ ಸರ್ಕಾರದ ಮೇಲೆ ದಾವೆ ಹೂಡಿತು. 2019ರಲ್ಲಿ 57.6 ಕೋಟಿ ಡಾಲರಿಗೆ ರಾಜಿಯಾಯಿತು. 160 ಕೋಟಿ ಎಂದು ಶುರುವಾದ 12 ಕಿಲೋಮೀಟರ್ ಯೋಜನೆ 310 ಕೋಟಿ ದಾಟಿತು.

ಹಾಕಿದ ದುಡ್ಡಿಗೆ ಬಂದದ್ದೇನು? 2014ರಲ್ಲಿ ಕ್ಯಾನ್ಬೆರಾ ಸರ್ಕಾರ ಪ್ರಕಟಿಸಿದ ಲೆಕ್ಕದಲ್ಲಿ ವೆಚ್ಚ 82.3 ಕೋಟಿ, ಲಾಭ 98.4 ಕೋಟಿ. ಒಂದು ಡಾಲರಿಗೆ ಒಂದೂಕಾಲಿಗೆ ತುಸು ಕಡಿಮೆ. ಆದರೆ ಆ ಲಾಭವನ್ನು ಬಿಡಿಸಿ ನೋಡಿ. ಪ್ರಯಾಣದಿಂದ ಬರುವುದು ಸುಮಾರು 40 ಕೋಟಿ ಮಾತ್ರ. ಉಳಿದದ್ದು ಹಳಿಯ ಅಕ್ಕಪಕ್ಕ ಎದ್ದೇಳುವ ಕಟ್ಟಡ, ಏರುವ ನೆಲದ ಬೆಲೆ, ಒಟ್ಟು ಆರ್ಥಿಕತೆಗೆ ಸಿಗುವ ಅನುಕೂಲ. ನಿಮಿಷವನ್ನಷ್ಟೇ ಎಣಿಸಿದರೆ ಡಾಲರಿಗೆ 50 ಸೆಂಟು. ವಿರೋಧಿಗಳು ಹಿಡಿದದ್ದು ಈ ಸಂಖ್ಯೆಯನ್ನು, ಸರ್ಕಾರ ಹಿಡಿದದ್ದು ದೊಡ್ಡ ಸಂಖ್ಯೆಯನ್ನು. ಇಬ್ಬರ ಕೈಯಲ್ಲಿದ್ದದ್ದೂ ಅದೇ ಕಾಗದ.

ನೆಲದ ಲಾಭ ಕ್ಯಾನ್ಬೆರಾದಲ್ಲಿ ಬರೀ ಬಾಯಿಮಾತಲ್ಲ. ಅಲ್ಲಿ ನೆಲವೆಲ್ಲ ಸರ್ಕಾರದ್ದು, ಜನ ಹೊಂದಿರುವುದು ಸಾಮಾನ್ಯವಾಗಿ 99 ವರ್ಷದ ಗುತ್ತಿಗೆ. ಎರಡಂತಸ್ತಿನ ಜಾಗದಲ್ಲಿ ಹತ್ತಂತಸ್ತು ಕಟ್ಟಬೇಕಾದರೆ ಗುತ್ತಿಗೆಯ ಷರತ್ತು ಬದಲಿಸಲು ಸರ್ಕಾರಕ್ಕೆ ಶುಲ್ಕ ಕಟ್ಟಬೇಕು. ಹಾಗಾಗಿ ಟ್ರಾಮಿನಿಂದ ಏರಿದ ಬೆಲೆಯ ಒಂದು ಪಾಲು ಖಜಾನೆಗೇ ಬರುತ್ತದೆ. ಬೆಂಗಳೂರಿನಲ್ಲಿ ಮೆಟ್ರೋ ಬರುವ ಸುದ್ದಿ ಹಬ್ಬಿದ ಕೂಡಲೇ ಸೈಟಿನ ಬೆಲೆ ಏರಿದರೆ ಅದರ ಹೆಚ್ಚಿನ ಪಾಲು ಸೈಟು ಇಟ್ಟುಕೊಂಡವರ ಜೇಬಿಗೆ. ಇನ್ನೊಂದು ಮಗ್ಗುಲೂ ಇದೆ. ನಾರ್ತ್‌ಬೋರ್ನ್ ಅವೆನ್ಯೂ ಪಕ್ಕದಲ್ಲಿದ್ದ ಸರ್ಕಾರಿ ಬಾಡಿಗೆ ಮನೆಗಳನ್ನು ತೆಗೆದು ಜಾಗ ಮಾರಿದರು, ಆ ಮಾರಾಟಕ್ಕೆ ಕೇಂದ್ರ ಸರ್ಕಾರದಿಂದ ಶೇಕಡಾ 15ರ ಪ್ರೋತ್ಸಾಹಧನವೂ ಸಿಕ್ಕಿತು. ಕಾರಿಲ್ಲದ, ಟ್ರಾಮು ನಿಜವಾಗಿ ಬೇಕಾಗಿದ್ದ ಬಡವರು ಬೇರೆ ಬಡಾವಣೆಗೆ ಹೋದರು. ಲಾಭದ ಪಟ್ಟಿಯಲ್ಲಿ ಇದಕ್ಕೆ ಅಂಕಣವಿರುವುದಿಲ್ಲ.

ನಿಲ್ದಾಣ ಹತ್ತಿರ ಹತ್ತಿರ ಇದ್ದಷ್ಟೂ ಕಟ್ಟಡ ಬೆಳೆಯುತ್ತವೆ, ಗಾಡಿ ನಿಧಾನವಾಗುತ್ತದೆ. ದೂರ ದೂರ ಇಟ್ಟರೆ ಗಾಡಿ ಓಡುತ್ತದೆ, ನಡುವಿನವರಿಗೆ ಸಿಗುವುದಿಲ್ಲ. ವೋಡನ್ ಮಾರ್ಗದಿಂದ ಎರಡನ್ನೂ ಒಟ್ಟಿಗೆ ಕೇಳುತ್ತಿರುವುದೇ ಅಲ್ಲಿನ ಜಗಳ ಮುಗಿಯದಿರಲು ಕಾರಣ ಎಂದು ನನ್ನ ಅಭಿಪ್ರಾಯ.

ಹುಬ್ಬಳ್ಳಿ-ಧಾರವಾಡದ ಕೇಳುಗರಿಗೆ ಈ ಇಕ್ಕಟ್ಟು ಹೊಸದಲ್ಲ. ನಿಮ್ಮಲ್ಲಿ ಚಿಗರಿ ಬಸ್ಸಿಗೆ 22 ಕಿಲೋಮೀಟರ್ ಪ್ರತ್ಯೇಕ ಪಥವಿದೆ, ನಿಲ್ದಾಣಗಳ ಬಳಿ ಪಥ ಅಗಲವಾಗಿದೆ. ಎಲ್ಲ ಕಡೆ ನಿಲ್ಲುವ ಬಸ್ಸು ನಿಂತಿದ್ದಾಗ ತಡೆರಹಿತ ಬಸ್ಸು ಪಕ್ಕದಿಂದ ಮುಂದೆ ಹೋಗುತ್ತದೆ. ಎರಡು ಹಳಿಯ ಮಾಮೂಲಿ ಟ್ರಾಮ್ ಮಾರ್ಗದಲ್ಲಿ ಅದು ಸಾಧ್ಯವಿಲ್ಲ. ಮುಂದಿನ ಗಾಡಿ ನಿಂತರೆ ಹಿಂದಿನದೂ ನಿಲ್ಲಬೇಕು. ಆ ಪಥದಲ್ಲಿ ಇನ್ನೂ ಉದ್ದದ ವಿದ್ಯುತ್ ಗಾಡಿಗಳನ್ನು ತರುವ ಮಾತು ಕೇಳಿಬರುತ್ತಿದೆ. ಯೋಜನಾ ವರದಿ ಕೈಗೆ ಬಂದ ದಿನ ಗರಿಷ್ಠ ವೇಗ ಬರೆದ ಪುಟವನ್ನು ಪಕ್ಕಕ್ಕಿಟ್ಟು ಮೂರು ಸಂಗತಿ ಹುಡುಕಿ: ಯಾವ ಯಾವ ಚೌಕದಲ್ಲಿ ಗಾಡಿಗೆ ಹಸಿರು ಖಾತ್ರಿ, ಸಂಜೆ ಏಳರ ನಂತರ ಎಷ್ಟು ನಿಮಿಷಕ್ಕೊಂದು ಗಾಡಿ, ಮತ್ತು ಈಗ ತಡೆರಹಿತ ಬಸ್ಸಿನಲ್ಲಿ ಹೋಗುವವರಿಗೆ ನಾಳೆ ಎಷ್ಟು ನಿಮಿಷ.