ಗೆಲುವಲ್ಲ ಸ್ವಾಮಿ, ಪಾರ್ಕಿಂಗ್ ಲಾಟ್!

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು, ಪಕ್ಕಕ್ಕಿಟ್ಟಿದ್ದೀನಿ. ಕಾರಣ ಒಂದು ಕಾಮೆಂಟ್. "ಅಮೆರಿಕದವರಿಗೆ ಮಾಡೋಕೆ ಕೆಲಸ ಇಲ್ಲ, ಕಾಲೇಜು ಹುಡುಗರ ಫುಟ್‌ಬಾಲ್‌ಗೆ ಲಕ್ಷ ಜನ ಸೇರ್ತಾರೆ. ಗೆಲ್ಲೋ ಟೀಮ್ ಯಾವುದೋ ಅದರ ಹಿಂದೆ ಓಡೋದು, ಅಷ್ಟೇ." ಅದಕ್ಕೆ ಲೈಕ್‌ಗಳು ಬೇರೆ!

ಇಲ್ಲಿ ಫುಟ್‌ಬಾಲ್ ಅಂದ್ರೆ ಅಮೆರಿಕನ್ ಫುಟ್‌ಬಾಲ್, ಚೆಂಡು ಕೈಯಲ್ಲಿ ಹಿಡ್ಕೊಂಡು ಓಡೋ ಆಟ. ಲಕ್ಷ ಜನ ಅನ್ನೋದು ನಿಜ. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಸೀಟು. ಅದಿರೋ ಆನ್ ಆರ್ಬರ್ ಊರಿನ ಜನಸಂಖ್ಯೆಯೇ ಒಂದೂಕಾಲು ಲಕ್ಷದ ಹತ್ತಿರ. ಒಹಾಯೋ ಸ್ಟೇಟ್, ಟೆನೆಸಿ, ಟೆಕ್ಸಾಸ್ ಎ ಅಂಡ್ ಎಂ, ಅಲಬಾಮ, ಇವೂ ಲಕ್ಷ ದಾಟಿದ ಸ್ಟೇಡಿಯಂಗಳೇ. ಅಲ್ಲೀತನಕ ಸರಿ. ಆದ್ರೆ "ಗೆಲ್ಲೋ ಟೀಮ್ ಹಿಂದೆ" ಅಂದ್ರಲ್ಲ, ಅದು ತಲೆಬುಡ ಇಲ್ಲದ ಮಾತು. ಸಾಯೋತನಕ ಒಂದೇ ಟೀಮ್‌ಗೆ ಅಂಟ್ಕೊಳ್ಳೋ ಅಭಿಮಾನಿ ಮೈದಾನದಲ್ಲಿ ಹುಟ್ಟಲ್ಲ. ಪಾರ್ಕಿಂಗ್ ಲಾಟ್‌ನಲ್ಲಿ ಹುಟ್ತಾನೆ.

ನಗಬೇಡಿ. ಲೆಕ್ಕ ಕೇಳಿ.

ಒಂದು ಸೀಸನ್‌ಗೆ 12 ಮಾಮೂಲಿ ಪಂದ್ಯ. ಅದರಲ್ಲಿ ಸ್ವಂತ ಊರಲ್ಲಿ ಆಡೋದು ಹೆಚ್ಚು ಕಮ್ಮಿ ಏಳು. ಅಂದ್ರೆ ವರ್ಷಕ್ಕೆ ಏಳು ಶನಿವಾರ. ಪಂದ್ಯ ಮೂರೂವರೆ ಗಂಟೆ, ಅದಕ್ಕೂ ಮುಂಚೆ ಪಾರ್ಕಿಂಗ್ ಲಾಟ್‌ನಲ್ಲಿ ನಾಲ್ಕೈದು ಗಂಟೆ. ಕಾರಿನ ಹಿಂಬಾಗಿಲು ತೆಗೆದು, ಒಲೆ ಹಚ್ಚಿ, ಬಿಯರ್ ಬಿಚ್ಚಿ ಕೂರೋ ಈ ಕಾರ್ಯಕ್ರಮಕ್ಕೆ ಟೇಲ್‌ಗೇಟ್ ಅಂತಾರೆ. ಅದಕ್ಕೂ ಮುಂಚೆ ಹಿಂದಿನ ರಾತ್ರಿ ಇದೆ. ಅಸಲಿ ವಿಷಯ ಇರೋದೇ ಅಲ್ಲಿ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಟೇಲ್‌ಗೇಟ್ ಅಂದ್ರೆ ಹಂದಿಯ ಭುಜದ ಮಾಂಸ. ನಾಲ್ಕು ಕಿಲೋ ತುಂಡು, 107 ಡಿಗ್ರಿ ಸೆಲ್ಸಿಯಸ್ ಹೊಗೆಯಲ್ಲಿ 12ರಿಂದ 14 ಗಂಟೆ ಬೇಯಬೇಕು. ಪಂದ್ಯ ಮಧ್ಯಾಹ್ನ 12ಕ್ಕಾದ್ರೆ ಹಿಂದಿನ ಸಂಜೆಯೇ ಒಲೆ ಹತ್ತಬೇಕು. ಒಳಗಿನ ಶಾಖ 70 ಡಿಗ್ರಿ ಹತ್ತಿರ ಬಂದಾಗ ಮುಳ್ಳು ಗಂಟೆಗಟ್ಟಲೆ ಅಲ್ಲಾಡಲ್ಲ. ಮೇಲಿನ ತೇವ ಆರೋದು, ಒಲೆ ಬಿಸಿ ಮಾಡೋದು, ಎರಡೂ ಸಮಸಮ ಆಗಿಬಿಡುತ್ತೆ. ಹೊಸಬರು ಇಲ್ಲೇ ಗಾಬರಿಯಾಗಿ ಬೆಂಕಿ ಏರಿಸ್ತಾರೆ, ಮಾಂಸ ಒಣಗಿ ಹಗ್ಗ ಆಗುತ್ತೆ. ಗೊತ್ತಿರೋರು ಫಾಯಿಲ್ ಸುತ್ತಿ ಸುಮ್ಮನೆ ಕೂರ್ತಾರೆ. ಒಳಗಿನ ಶಾಖ 95 ಡಿಗ್ರಿ ಮುಟ್ಟಿದಾಗ ಒಲೆಯಿಂದ ಇಳಿಸಿ, ಟವೆಲ್ ಸುತ್ತಿ, ಐಸ್ ಹಾಕದ ಕೂಲರ್ ಡಬ್ಬಿಯೊಳಗಿಟ್ರೆ ನಾಲ್ಕು ಗಂಟೆ ಆರಲ್ಲ.

ಸಸ್ಯಾಹಾರಿಗಳು ಚಾನೆಲ್ ಬಿಟ್ಟು ಹೋಗಬೇಡಿ, ಮುಗೀತು.

ಈಗ ಹೇಳಿ, ಆ ರಾತ್ರಿ ಒಲೆ ಕಾಯೋರು ಯಾರು? ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವನು. ಜೊತೆಗೆ, ಮಲಗು ಅಂದ್ರೂ ಮಲಗದ ಎಂಟು ವರ್ಷದ ಒಂದು ಹುಡುಗಿ. ಬೆಳಗ್ಗೆ ಲಾಟ್ ಗೇಟು ತೆಗೆಯೋ ಹೊತ್ತಿಗೆ ಅವಳು ಮುಂದಿನ ಸೀಟಲ್ಲಿ. ಹತ್ತಡಿ-ಹತ್ತಡಿ ಟೆಂಟ್ ಕಟ್ಟೋವಾಗ ಕಾಲಿಗೊಂದರಂತೆ ಹದಿನೆಂಟಿಪ್ಪತ್ತು ಕಿಲೋ ಮರಳು ಚೀಲ ಎಳೆದು ಕೊಡೋದು ಅವಳ ಕೆಲಸ, ಯಾಕಂದ್ರೆ ಡಾಂಬರಿಗೆ ಗೂಟ ಹೊಡೆಯೋಕಾಗಲ್ಲ, ಗಾಳಿ ಬಂದ್ರೆ ಟೆಂಟ್ ಪಕ್ಕದ ಕಾರಿನ ಗಾಜಿನ ಮೇಲೆ. ಆಮೇಲೆ ಕಾರ್ನ್‌ಹೋಲ್ ಅನ್ನೋ ಆಟ. ಎರಡಡಿ-ನಾಲ್ಕಡಿ ಹಲಗೆ, ಆರಿಂಚು ತೂತು, 27 ಅಡಿ ದೂರದಿಂದ ಪುಟ್ಟ ಚೀಲ ಎಸೀಬೇಕು. ತೂತಿಗೆ ಬಿದ್ರೆ ಮೂರು ಪಾಯಿಂಟ್, ಹಲಗೆ ಮೇಲೆ ನಿಂತ್ರೆ ಒಂದು. ನಾಲ್ಕು ಡೌನ್‌ನಲ್ಲಿ, ಅಂದ್ರೆ ನಾಲ್ಕು ಪ್ರಯತ್ನದಲ್ಲಿ, ಹತ್ತು ಗಜ ಹೋಗಬೇಕು ಅನ್ನೋ ಫುಟ್‌ಬಾಲ್ ನಿಯಮ ಅವಳಿಗೆ ಅರ್ಥ ಆಗೋಕೆ ಇನ್ನೂ ಎರಡು ಮೂರು ವರ್ಷ ಬೇಕು. ಫ್ಯಾನ್ ಆಗಿದ್ದು ಮಾತ್ರ ಇವತ್ತೇ! ಆಟ ಗೊತ್ತಾಗೋ ಮುಂಚೆ ಅಭಿಮಾನ ಬಂದಾಯ್ತು. ಎಲ್ಲಿ? ಪಾರ್ಕಿಂಗ್ ಲಾಟ್‌ನಲ್ಲಿ!

ಸಬ್‌ಸ್ಕ್ರೈಬ್ ಮಾಡಿ. ಬಿಟ್ಟಿ, ಮರಳು ಚೀಲ ಎಳೆಯೋದೂ ಬೇಡ.

"ಗೆಲುವು" ಅಂತೀರಾ? ನೆಬ್ರಾಸ್ಕ ವಿಶ್ವವಿದ್ಯಾಲಯದ ಟೀಮ್ ನೋಡಿ. ಲಿಂಕನ್ ಊರಿನ ಅವರ ಸ್ಟೇಡಿಯಂ 1962ರ ನವೆಂಬರ್ 3ರಿಂದ, ಕೋವಿಡ್‌ಗೆ ಜನರನ್ನೇ ಬಿಡದ 2020 ಬಿಟ್ರೆ, ಇವತ್ತಿನವರೆಗೂ ಪ್ರತಿ ಪಂದ್ಯಕ್ಕೂ ಸೋಲ್ಡ್ ಔಟ್. ಕೊನೇ ರಾಷ್ಟ್ರೀಯ ಪ್ರಶಸ್ತಿ ಯಾವತ್ತು? 1997. 2017ರಿಂದ 2023ರವರೆಗೆ ಸತತ ಏಳು ಸೀಸನ್ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. 2021ರಲ್ಲಿ ಒಂಬತ್ತು ಸೋಲು, ಒಂಬತ್ತೂ ಒಂಬತ್ತು ಪಾಯಿಂಟ್ ಒಳಗೆ. ಹೊಟ್ಟೆ ಉರಿಸೋಕಂತಲೇ ಆಡಿದ ಹಾಗೆ. ಆ ವರ್ಷ ಅಲ್ಲಿ ಕಿರುಚ್ತಿದ್ದ ಡಿಗ್ರಿ ಹುಡುಗರು ಕೊನೇ ಪ್ರಶಸ್ತಿ ಬಂದಾಗ ಹುಟ್ಟೇ ಇರಲಿಲ್ಲ! ಯಾವ ಗೆಲುವಿನ ಹಿಂದೆ ಓಡಿದ್ರು ಅವರು, ಸ್ವಲ್ಪ ತೋರಿಸಿ.

ಗೊತ್ತು, ಒಬ್ಬ ಬುದ್ಧಿವಂತ ಬರ್ತಾನೆ: "ಉಳಿದ ಟಿಕೆಟ್‌ಗಳನ್ನ ದಾನಿಗಳು ಕೊಂಡು ಆ ದಾಖಲೆ ಉಳಿಸಿದ್ರು, ಗೊತ್ತಾ?" ಗೊತ್ತು ಸಾರ್. ಕೊಂಡು, ಕೈಯಲ್ಲಾಗದ ಮನೆಗಳ ಮಕ್ಕಳಿಗೆ ಹಂಚಿದ್ರು. ಸೋಲೋ ಟೀಮ್‌ನ ದಾಖಲೆ ಉಳಿಸೋಕೆ ಜೇಬಿಂದ ದುಡ್ಡು ಹಾಕ್ತಾರೆ ಅಂದ್ರೆ ಅದು ನನ್ನ ವಾದವೋ ನಿಮ್ಮ ವಾದವೋ?

ಇನ್ನೊಬ್ಬರು ಸಂಶೋಧನೆ ಹಿಡ್ಕೊಂಡು ಬರ್ತಾರೆ. 1976ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರ ಅಧ್ಯಯನ. ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರದ ಕ್ಲಾಸಿಗೆ ಯಾರ್ಯಾರು ಕಾಲೇಜಿನ ಹೆಸರಿರೋ ಬಟ್ಟೆ ಹಾಕ್ಕೊಂಡು ಬಂದಿದ್ದಾರೆ ಅಂತ ಎಣಿಸಿದ್ರು. ಶನಿವಾರ ಗೆದ್ದಿದ್ರೆ ಅಂಥವರು ಜಾಸ್ತಿ. ಗೆದ್ರೆ "ನಾವು" ಅಂತಾರೆ, ಸೋತ್ರೆ "ಅವರು" ಅಂತಾರೆ ಅನ್ನೋದೂ ಅದರಲ್ಲೇ ಇದೆ. ಒಳ್ಳೇ ಅಧ್ಯಯನ, ನಮಸ್ಕಾರ. ಆದ್ರೆ ಅವರು ಎಣಿಸಿದ್ದು ಸೋಮವಾರದ ಅಂಗಿ. ಅಂಗಿ ಬಿಚ್ಚಿಟ್ಟವನು ಮುಂದಿನ ಶನಿವಾರ ಎಲ್ಲಿದ್ದ ಅಂತ ಯಾರಾದ್ರೂ ನೋಡಿದ್ರಾ? ನಾನು ಹೇಳ್ತೀನಿ ಎಲ್ಲಿದ್ದ ಅಂತ. ಪಾರ್ಕಿಂಗ್ ಲಾಟ್‌ನಲ್ಲಿ!

ಮತ್ತೆ ಇದನ್ನ ಹೇಳ್ತಿರೋರು ಯಾರು? ಬೆಂಗಳೂರಿನವರು! 2008ರಿಂದ 17 ಸೀಸನ್ ಕಪ್ ಇಲ್ಲದೆ "ಈ ಸಲ ಕಪ್ ನಮ್ದೇ" ಅಂತ ಕೂತಿದ್ದ ಊರು, 2025ರವರೆಗೂ ಕಾದ ಊರು, ಬಂದು "ಗೆದ್ರೆ ಮಾತ್ರ ಫ್ಯಾನ್" ಅಂತ ನನಗೆ ಪಾಠ ಹೇಳುತ್ತೆ. ಮುಖ ತೊಳ್ಕೊಂಡು ಬನ್ನಿ.

"ಈಗ ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಾಯಿಸ್ತಾರೆ, ದುಡ್ಡು ತಗೋತಾರೆ, ಇನ್ನೆಲ್ಲಿ ನಿಷ್ಠೆ?" ಹೌದು, 2018ರಿಂದ ಕಾಲೇಜು ಬದಲಾಯಿಸೋರು ಹೆಸರು ಕೊಡೋ ಟ್ರಾನ್ಸ್‌ಫರ್ ಪೋರ್ಟಲ್ ಇದೆ, 2021ರಿಂದ ಹುಡುಗರು ತಮ್ಮ ಹೆಸರಲ್ಲಿ ಜಾಹೀರಾತು ಮಾಡಿ ದುಡೀಬಹುದು, 2025ರಿಂದ ವಿಶ್ವವಿದ್ಯಾಲಯವೇ ನೇರವಾಗಿ ಹಣ ಕೊಡಬಹುದು. ಆಗಲಿ ಬಿಡಿ. ಮೊದಲೂ ಆಟಗಾರ ಇರ್ತಿದ್ದುದು ನಾಲ್ಕೈದು ವರ್ಷ. ಊರ ಜಾತ್ರೆಗೆ ಈ ವರ್ಷ ತೇರು ಎಳೆಯೋರು ಯಾರು ಅಂತ ಪಟ್ಟಿ ನೋಡ್ಕೊಂಡು ಹೋಗ್ತೀರೇನ್ರೀ?

ಇನ್ನು ಬಿಡಿಸ್ಕೊಳ್ಳೋಕಾಗದ ಕೊಂಡಿ ಒಂದಿದೆ, ಸೀಸನ್ ಟಿಕೆಟ್. ದೊಡ್ಡ ಕಾಲೇಜುಗಳಲ್ಲಿ ಒಳ್ಳೇ ಸೀಟಿಗೆ ಟಿಕೆಟ್ ದುಡ್ಡು ಸಾಲದು, ಕ್ರೀಡಾ ನಿಧಿಗೆ ದೇಣಿಗೆ ಕೊಡಬೇಕು. ದೇಣಿಗೆಗೆ ಪಾಯಿಂಟ್, ಸತತವಾಗಿ ಎಷ್ಟು ವರ್ಷ ಕೊಟ್ರಿ ಅನ್ನೋದಕ್ಕೂ ಪಾಯಿಂಟ್. ಟೀಮ್ ಸೋತ ಸಿಟ್ಟಿಗೆ ಒಂದು ವರ್ಷ ಬಿಟ್ರೋ, ಸೀಟು ಬೇರೆಯವರ ಪಾಲು, ನೀವು ಸಾಲಿನ ಕೊನೆಗೆ. ಒಳ್ಳೇ ಪಾರ್ಕಿಂಗ್ ಪಾಸ್ ಸಿಗೋದೂ ಇದೇ ಪಾಯಿಂಟ್ ಮೇಲೆ. ಕೇಳಿಸ್ತಾ? ಪಾರ್ಕಿಂಗ್ ಪಾಸ್! ಇಪ್ಪತ್ತು ವರ್ಷ ಅದೇ ಜಾಗ, ಅದೇ ಅಕ್ಕಪಕ್ಕದವರು. ಅವರ ಮಗಳ ಮದುವೆ, ಇವರ ಮೊಣಕಾಲು ಆಪರೇಷನ್, ಎಲ್ಲ ಗೊತ್ತು. ಟೀಮ್ ಬಿಡೋದು ಅಂದ್ರೆ ಇವರನ್ನೆಲ್ಲ ಬಿಡೋದು. ಯಾರು ಬಿಡ್ತಾರೆ?

ಎಂಎಸ್ ಮಾಡೋಕೆ ಹೋದ ನಮ್ಮವರು ಕೇಳ್ತಾರೆ, "ನಾವು ಇಪ್ಪತ್ಮೂರಕ್ಕೆ ಹೋಗಿ ಫ್ಯಾನ್ ಆದ್ವಲ್ಲ, ಅದು ಹೇಗೆ?" ರೂಮ್‌ಮೇಟ್ ಎಲ್ಲಿಗೆ ಕರ್ಕೊಂಡು ಹೋದ ನೆನಪು ಮಾಡ್ಕೊಳ್ಳಿ. ಹೊಸದಾಗಿ ಹೋಗೋರು ಬರ್ಕೊಳ್ಳಿ: ಮೊದಲ ಸಲಕ್ಕೆ ಟಿಕೆಟ್ ಬೇಡ, ಲಾಟ್‌ಗೆ ಹೋಗಿ ಸಾಕು. ಒಂದು ಫಾಯಿಲ್ ಟ್ರೇ ಪುಳಿಯೋಗರೆ ಒಯ್ಯಿರಿ, ಹತ್ತು ನಿಮಿಷದಲ್ಲಿ ಖಾಲಿ. ಒಳಗೆ ಹೋಗೋದಾದ್ರೆ ಬ್ಯಾಕ್‌ಪ್ಯಾಕ್ ಬಿಡಲ್ಲ, ಪಾರದರ್ಶಕ ಚೀಲವೇ ಬೇಕು. ನವೆಂಬರ್‌ನಲ್ಲಿ ಅಲ್ಯೂಮಿನಿಯಂ ಬೆಂಚು ಸೊಂಟದ ಬಿಸಿಯೆಲ್ಲ ಹೀರುತ್ತೆ, ಕುಶನ್ ಒಯ್ಯಿರಿ, ಶೂ ಕೆಳಗೆ ರಟ್ಟು ಹಾಕ್ಕೊಳ್ಳಿ. ಎದುರಾಳಿಯ ಬಣ್ಣ ಮಾತ್ರ ಬೇಡವೇ ಬೇಡ. ಮಿಶಿಗನ್ ಪಂದ್ಯದ ವಾರ ಒಹಾಯೋ ಸ್ಟೇಟ್ ಕ್ಯಾಂಪಸ್‌ನ ಬೋರ್ಡುಗಳಲ್ಲಿ ಎಂ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನ ಎಕ್ಸ್ ಅಂಟಿಸ್ತಾರೆ. ಅಂಥ ಜಾಗಕ್ಕೆ ನೀಲಿ ಜಾಕೆಟ್ ಹಾಕ್ಕೊಂಡು ಹೋಗಿ, ಆಮೇಲೆ ನನ್ನನ್ನ ಕೇಳಬೇಡಿ.

"ಟಿವಿಯಲ್ಲಿ ನೋಡಿ ಫ್ಯಾನ್ ಆದೋರೂ ಇದ್ದಾರೆ" ಅಂತೀರಾ? ಇರಲಿ. ಅವರೂ ಒಂದಿನ ಹೋಗ್ತಾರೆ. ಎಲ್ಲಿಗೆ? ಅಲ್ಲಿಗೇ. "ಲಾಟ್ ಇಲ್ಲದ ಕಾಲೇಜುಗಳಿವೆ, ಹುಲ್ಲಿನ ಮೇಲೆ ಕೂರ್ತಾರೆ"? ಹುಲ್ಲಿರೋ ಪಾರ್ಕಿಂಗ್ ಲಾಟ್ ಅದು. "ಟೆನೆಸಿಯಲ್ಲಿ ನದೀಲಿ ದೋಣಿ ಕಟ್ಟಿ ಟೇಲ್‌ಗೇಟ್ ಮಾಡ್ತಾರೆ"? ನೀರಿರೋ ಪಾರ್ಕಿಂಗ್ ಲಾಟ್! ಯಾಕೆ? ಯಾಕೆ ಅಂದ್ರೆ ನಾನು ಹೇಳ್ತಿದ್ದೀನಿ, ಅದಕ್ಕೆ!

ಸರಿ, ಟೈಮಾಯ್ತು. "ಪಾರ್ಕಿಂಗ್ ಲಾಟ್ ಪಕ್ಷ" ಅಂತ ಟೀ ಶರ್ಟ್ ಮಾಡಿಸಿದ್ದೀವಿ, ಲಿಂಕ್ ಕೆಳಗಿದೆ. ಎಕ್ಸ್‌ಎಲ್ ಮಾತ್ರ ಉಳಿದಿದೆ.