ಮಳೆ ಹಿಡಿಯುವ ಮುಂಚೆ ಜನರೇಟರ್ ಕಾರ್ಬೋರೇಟರ್ ಬಿಚ್ಚಿ ನೋಡೋಣ

[ದೃಶ್ಯ: ಹಿತ್ತಲ ಕಡೆಯ ಜಗಲಿ. ಜನರೇಟರಿನ ಹಗ್ಗ ಎಳೆಯುವ ಸದ್ದು. ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಮತ್ತೆ ಎಳೆಯುವ ಸದ್ದು.]

ಹನ್ನೊಂದು... ಹನ್ನೆರಡು... ಹದಿಮೂರು. ಸಾಕು ಮಾರಾಯ್ರೇ, ರಟ್ಟೆ ಬಿದ್ದುಹೋಯಿತು.

ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಈ ಸದ್ದಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೃಗಶಿರ ಮಳೆ ಹಿಡಿಯುತ್ತದೆ. ಗಾಳಿಗೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತದೆ. ಮೊದಲ ದಿನ ಇನ್ವರ್ಟರ್ ಕಾಪಾಡುತ್ತದೆ, ಎರಡನೇ ದಿನ ಅದೂ ಕೈ ಎತ್ತುತ್ತದೆ. ಆಗ ನೆನಪಾಗುವುದು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತ ಜನರೇಟರ್. ಎಂಟು ತಿಂಗಳು ಯಾರೂ ಅದರ ಮುಖ ನೋಡಿರುವುದಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಶರಾವತಿ ನೀರು ಊರೂರಿಗೆ ಬೆಳಕು ಕೊಡುತ್ತಿದೆ, ಅದೇ ಜಿಲ್ಲೆಯ ನಾವು ಹಗ್ಗ ಎಳೆಯುತ್ತಿದ್ದೇವೆ! ಇರಲಿ, ಆ ಜಗಳ ಇನ್ನೊಂದು ದಿನ.

ಕಾರ್ಬೋರೇಟರ್ ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಅದಕ್ಕೆ ಕೈ ಹಾಕುವ ಮುಂಚೆ ಸುಲಭದ್ದನ್ನು ನೋಡಿಕೊಳ್ಳಿ. ಪೆಟ್ರೋಲ್ ಕಾಕ್ ತೆರೆದಿದೆಯಾ? ಚೋಕ್ ಹಾಕಿದ್ದೀರಾ? ಎಂಜಿನ್ ಆಯಿಲ್ ಇದೆಯಾ? ಆಯಿಲ್ ಕಡಿಮೆ ಇದ್ದರೆ ಎಷ್ಟೋ ಜನರೇಟರ್‌ಗಳಲ್ಲಿ ಒಂದು ಸೆನ್ಸರ್ ಕಿಡಿಯನ್ನೇ ನಿಲ್ಲಿಸಿಬಿಡುತ್ತದೆ. ಗಂಟೆಗಟ್ಟಲೆ ಎಳೆದರೂ ಹತ್ತುವುದಿಲ್ಲ. ಸೈಲೆನ್ಸರ್ ಬಾಯಿಗೂ ಒಮ್ಮೆ ಟಾರ್ಚ್ ಬಿಡಿ. ನಮ್ಮಲ್ಲಿ ಒಂದು ಸಲ ಕಣಜದ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟಿಕೊಂಡು ಸಂಸಾರ ಮಾಡುತ್ತಿತ್ತು.

ಇದೆಲ್ಲ ಸರಿ ಇದ್ದೂ ಹತ್ತದಿದ್ದರೆ ನನ್ನ ಅನುಮಾನ ನೇರವಾಗಿ ಹೋದ ವರ್ಷದ ಪೆಟ್ರೋಲ್ ಮೇಲೆ. ಎರಡು ವರ್ಷದ ಹಿಂದೆ ನಮ್ಮದನ್ನು ಜೀಪಿಗೆ ಹಾಕಿಕೊಂಡು ಪೇಟೆಯ ಒಂದು ಅಂಗಡಿಗೆ ಒಯ್ದಿದ್ದೆ. ಅವರು ಹಗ್ಗ ಎರಡು ಸಲ ಎಳೆದು, 'ಪಿಸ್ಟನ್ ಹೋಗಿದೆ' ಅಂದರು. ನನಗೆ ನಂಬಿಕೆ ಬರಲಿಲ್ಲ, ವಾಪಸ್ ತಂದೆ. ಅಪ್ಪಯ್ಯ ಸಂಜೆ ಕಾಫಿ ಕುಡಿಯುತ್ತಾ, 'ಮೊದಲು ಅದರ ಬಟ್ಟಲು ಬಿಚ್ಚಿ ನೋಡೋ' ಅಂದರು. ಬಟ್ಟಲು ಅಂದರೆ ಕಾರ್ಬೋರೇಟರಿನ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲ್. ಬಿಚ್ಚಿದರೆ ಒಳಗೆ ಹಲಸಿನ ಮೇಣದಂಥ ಅಂಟು! ಪಿಸ್ಟನ್‌ಗೆ ಏನೂ ಆಗಿರಲಿಲ್ಲ.

[ದೃಶ್ಯ: ಕಾರ್ಬೋರೇಟರ್ ಬೌಲ್ ಹತ್ತಿರದಿಂದ. ಅಡಿಯಲ್ಲಿ ಕಂದು ಅಂಟು, ಬಿಳಿ ಪುಡಿ.]

ಆ ಅಂಟು ಎಲ್ಲಿಂದ ಬಂತು? ಪೆಟ್ರೋಲ್ ಒಂದೇ ದ್ರವ ಅಲ್ಲ, ಹತ್ತಾರು ದ್ರವಗಳ ಮಿಶ್ರಣ. ಬೇಗ ಆರುವ ಹಗುರ ಭಾಗ ಮೊದಲು ಹಾರಿಹೋಗುತ್ತದೆ. ತಣ್ಣಗಿರುವ ಎಂಜಿನ್ ಹತ್ತುವುದಕ್ಕೆ ಬೇಕಾಗಿದ್ದೇ ಆ ಭಾಗ. ಉಳಿದಿದ್ದು ಗಾಳಿ ಸೇರಿ ನಿಧಾನಕ್ಕೆ ಮೇಣವಾಗುತ್ತದೆ. ಟ್ಯಾಂಕಿನಲ್ಲಿ ಲೀಟರುಗಟ್ಟಲೆ ಇರುವುದರಿಂದ ಅಲ್ಲಿ ತಡವಾಗುತ್ತದೆ. ಬೌಲಿನಲ್ಲಿ ಇರುವುದೇ ಕೆಲವು ಚಮಚ, ಅಲ್ಲಿ ಬೇಗ ಕೆಡುತ್ತದೆ.

ಇದರ ಜೊತೆ ಈಗ ಎಥನಾಲ್ ಸೇರಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಒಂದು ಪ್ರಯೋಗ ಮಾಡೋಣ. ಹೊರಗೆ ಬಯಲಲ್ಲಿ, ಒಲೆ ಬೀಡಿ ಏನೂ ಹತ್ತಿರ ಇಲ್ಲದ ಕಡೆ.

[ದೃಶ್ಯ: ಅಳತೆ ಗೆರೆ ಇರುವ ಗಾಜಿನ ಕೊಳವೆ.]

ಇದರಲ್ಲಿ 10 ಮಿಲಿ ನೀರು, ಮೇಲೆ 100 ಮಿಲಿ ಪೆಟ್ರೋಲ್. ಮುಚ್ಚಿ ಅಲ್ಲಾಡಿಸಿ ಹತ್ತು ನಿಮಿಷ ಬಿಟ್ಟಿದ್ದೇನೆ. ಕೆಳಗಿನ ಪದರ ನೋಡಿ, 30ರ ಹತ್ತಿರ ಬಂದಿದೆ. ನೀರು ಹುಟ್ಟಲಿಲ್ಲ. ಪೆಟ್ರೋಲಿನಲ್ಲಿದ್ದ ಎಥನಾಲ್ ಅದನ್ನು ಬಿಟ್ಟು ನೀರಿನ ಜೊತೆ ಹೋಯಿತು, ಅಷ್ಟೆ. ಹಾಗಾಗಿ ಇದನ್ನು ನೋಡಿ ಬಂಕಿನವರು ನೀರು ಬೆರೆಸಿದ್ದಾರೆ ಅಂತ ಜಗಳಕ್ಕೆ ಹೋಗಬೇಡಿ.

ನಿಮ್ಮ ಟ್ಯಾಂಕಿನಲ್ಲೂ ನಡೆಯುವುದು ಇದೇ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ತೇವಕ್ಕೇನು ಬರ, ಅಲ್ವಾ? ತೇವ ಒಂದು ಮಿತಿ ದಾಟಿದರೆ ನೀರು, ಎಥನಾಲ್ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಕಾಕ್ ಎಳೆಯುವುದು ತಳದಿಂದಲೇ. ಆ ನೀರು ಬೌಲಿಗೆ ಬಂದು ಕೂತರೆ ಅಲ್ಯೂಮಿನಿಯಂ, ಸತು ತಿಂದು ಬಿಳಿ ಪುಡಿ ಮಾಡುತ್ತದೆ. ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಅದರ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಹಳೇ ಜನರೇಟರಿನ ರಬ್ಬರ್ ಪೈಪ್ ಗಟ್ಟಿಯಾಗಿ ಬಿರಿಯುವುದೂ ಉಂಟು.

ಹಾಗಾದರೆ ಏನು ಹಾಕಬೇಕು? ಹೊಸ ಪೆಟ್ರೋಲ್. ಇಷ್ಟೇ ನನ್ನ ಉತ್ತರ. ಜಾಸ್ತಿ ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಲಾ ಅಂತ ಕೇಳುತ್ತಾರೆ. ಈ ಸಣ್ಣ ಎಂಜಿನ್‌ಗಳಿಗೆ ಮಾಮೂಲಿ ಪೆಟ್ರೋಲೇ ಧಾರಾಳ ಸಾಕು. ಆಕ್ಟೇನ್ ಜಾಸ್ತಿ ಅಂದರೆ ಶಕ್ತಿ ಜಾಸ್ತಿ ಅಂತಲ್ಲ, ಸುಮ್ನೆ ದುಡ್ಡು ಹೋಗುತ್ತದೆ. ಟೂ ಸ್ಟ್ರೋಕ್ ಸಣ್ಣ ಜನರೇಟರ್ ಆಗಿದ್ದರೆ ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್ ಮರೆಯಬೇಡಿ. 50ಕ್ಕೆ 1 ಅಂತ ಪುಸ್ತಕದಲ್ಲಿದ್ದರೆ ಲೀಟರಿಗೆ 20 ಮಿಲಿ.

ಇನ್ನು ಸೀಮೆಎಣ್ಣೆ. ಹಳೇ ಮನೆಗಳಲ್ಲಿ ಶ್ರೀರಾಮ್ ಹೋಂಡಾ, ಬಿರ್ಲಾ ಯಮಹಾ ಜನರೇಟರ್ ಇನ್ನೂ ಇರಬಹುದು. ಅವುಗಳಲ್ಲಿ ಕೆಲವು ಸೀಮೆಎಣ್ಣೆಯಲ್ಲಿ ಓಡಲೆಂದೇ ಮಾಡಿದವು. ಪೆಟ್ರೋಲಿನಲ್ಲಿ ಹತ್ತಿಸಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು. ಈ ಕೊನೆಯ ಕೆಲಸ ಮರೆತವರು ಮರುದಿನ ಬೌಲ್ ಖಾಲಿ ಮಾಡಲೇಬೇಕು. ತಣ್ಣಗಿನ ಎಂಜಿನ್ ಸೀಮೆಎಣ್ಣೆಗೆ ಹತ್ತುವುದಿಲ್ಲ. ಬರೀ ಪೆಟ್ರೋಲಿನ ಜನರೇಟರಿಗೆ ಅದನ್ನು ಬೆರೆಸುವ ಸಾಹಸ ಬೇಡ. ಅರೆಬರೆ ಉರಿದ ಎಣ್ಣೆ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ನೀರಿನ ಹಾಗೆ ತೆಳು ಮಾಡುತ್ತದೆ.

ತಂದಿಡುವುದು ಎಷ್ಟು? 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮನೆಬಳಕೆಗೆ 30 ಲೀಟರ್ ಪೆಟ್ರೋಲ್ ತನಕ ಪರವಾನಗಿ ಬೇಡ. ಪಾತ್ರೆ ಲೋಹದ್ದಾಗಿದ್ದರೆ 25 ಲೀಟರಿಗಿಂತ ದೊಡ್ಡದಿರಬಾರದು, ಮುಚ್ಚಳ ಬಿಗಿ ಇರಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿ ಆ ಪಟ್ಟಿಯಲ್ಲಿಲ್ಲ. ನಾನಂತೂ ಮಳೆಗಾಲದಲ್ಲಿ ಐದು ಲೀಟರ್ ಮಾತ್ರ ಇಡುತ್ತೇನೆ. ತಿಂಗಳಾದರೆ ಬೈಕಿಗೆ ಸುರಿದು ಹೊಸದು ತರುತ್ತೇನೆ.

[ದೃಶ್ಯ: ಹಳೇ ಬೆಡ್‌ಶೀಟ್ ಹಾಸಿದ ಮೇಜು. ಸ್ಪ್ಯಾನರ್, ಸ್ಕ್ರೂಡ್ರೈವರ್, ಸ್ಟೀಲ್ ತಟ್ಟೆ.]

ಬನ್ನಿ, ಬಿಚ್ಚೋಣ. ಎಂಜಿನ್ ತಣ್ಣಗಿರಲಿ. ಕಾಕ್ ಮುಚ್ಚಿ, ಪ್ಲಗ್‌ನ ಕ್ಯಾಪ್ ಕಿತ್ತಿಡಿ. ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಆ ಸಣ್ಣ ಸ್ಪ್ರಿಂಗ್ ಯಾವ ತೂತಿಗೆ ಸಿಕ್ಕಿಸಿತ್ತು ಅಂತ ಆಮೇಲೆ ನೆನಪಿರುವುದಿಲ್ಲ. ಬೌಲಿನ ಅಡಿ ಒಂದು ಬೋಲ್ಟ್ ಇದೆ, ನಮ್ಮದಕ್ಕೆ 10ರ ಸ್ಪ್ಯಾನರ್. ಬಿಚ್ಚಿದರೆ ಬಟ್ಟಲು ಕೈಗೆ ಬರುತ್ತದೆ. ಮೇಲೆ ತೇಲುವ ಫ್ಲೋಟ್. ಅದರ ಪಿನ್ ಜಾರಿಸಿದರೆ ಫ್ಲೋಟ್ ಜೊತೆ ಸೂಜಿಯಂಥ ಸಣ್ಣ ವಾಲ್ವ್ ಇಳಿಯುತ್ತದೆ. ತಟ್ಟೆ ಇಟ್ಟಿದ್ದು ಇದಕ್ಕೇ. ಜಗಲಿ ಸಂದಿಗೆ ಬಿದ್ದರೆ ಇವತ್ತಿನ ಕೆಲಸ ಮುಗಿದ ಹಾಗೆ.

ನಡುವಿನ ಕಂಬದೊಳಗೆ ಹಿತ್ತಾಳೆಯ ಮೇನ್ ಜೆಟ್. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಹಾಕಿ, ಇಲ್ಲದಿದ್ದರೆ ತಲೆ ಸವೆದುಹೋಗುತ್ತದೆ. ಅದರ ಹಿಂದೆ ಮೈತುಂಬಾ ತೂತಿರುವ ಒಂದು ಕೊಳವೆ ಬರುತ್ತದೆ. ಪೈಲಟ್ ಜೆಟ್ ಬೇರೆ ಇದೆ, ಬಹಳಷ್ಟು ಮಾದರಿಗಳಲ್ಲಿ ಮೇಲ್ಭಾಗದಲ್ಲಿ. ಅದರ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಬೆಳಕಿಗೆ ಹಿಡಿದು ನೋಡಿ. ಗುಂಡಗಿನ ಬೆಳಕು ಕಾಣಬೇಕು. ಕಾಣಲಿಲ್ಲವೇ, ಕಳ್ಳ ಸಿಕ್ಕಿದ.

ಇಲ್ಲಿ ಒಂದು ಮಾತು. ಸೇಫ್ಟಿ ಪಿನ್ ಹಾಕಿ ಚುಚ್ಚಬೇಡಿ! ಹಿತ್ತಾಳೆ ಮೆತ್ತಗಿನದು. ಉಕ್ಕು ತಗುಲಿದರೆ ತೂತು ದೊಡ್ಡದಾಗುತ್ತದೆ, ಆಮೇಲೆ ಯಾವತ್ತೂ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಹಠ ಮಾಡಿದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಊದಲು ಸೈಕಲ್ ಪಂಪ್ ಸಾಕು, ಕಣ್ಣಿಗೆ ಕನ್ನಡಕ ಇರಲಿ. ಸ್ಪ್ರೇ ಹೊಡೆಯುವ ಮುಂಚೆ ರಬ್ಬರ್ ಪ್ಯಾಕಿಂಗ್ ತೆಗೆದಿಡಿ, ಅದು ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ.

ಎಲ್ಲಿ ಕಸ ಕಟ್ಟಿದೆ ಅಂತ ಎಂಜಿನ್ನೇ ಹೇಳುತ್ತದೆ, ಕಿವಿ ಕೊಡಬೇಕು. ಚೋಕ್ ಹಾಕಿದರೆ ಮಾತ್ರ ಓಡುತ್ತದೆ, ತೆಗೆದರೆ ಸಾಯುತ್ತದೆ ಅಂದರೆ ಜೆಟ್‌ನಲ್ಲಿ ಅಂಟು. ಗುಂಯ್ ಗುಂಯ್ ಅಂತ ಏರಿ ಇಳಿಯುತ್ತಿದ್ದರೂ ಹೆಚ್ಚಾಗಿ ಅದೇ ಕಾಯಿಲೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಮೂಲಿ ಜನರೇಟರ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ 50 ಹರ್ಟ್ಜ್ ಕರೆಂಟ್ ಬರುತ್ತದೆ. ಸುತ್ತು ಕುಣಿದರೆ ಕರೆಂಟೂ ಕುಣಿಯುತ್ತದೆ, ಟಿವಿ ಸುಟ್ಟೀತು. ಕಾರ್ಬೋರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಆ ಸೂಜಿ ವಾಲ್ವ್ ಕೂರುವ ಜಾಗದಲ್ಲಿ ಕಸ ಇದೆ.

[ದೃಶ್ಯ: ಜೋಡಿಸಿದ ಜನರೇಟರನ್ನು ಅಂಗಳದ ತಗಡಿನ ಮಾಡಿನ ಕೆಳಗೆ ಇಡುವುದು.]

ಮಳೆ ಅಂತ ಇದನ್ನು ಒಳಗೆ, ಮುಚ್ಚಿದ ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ನಾಲ್ಕು ಕಡೆ ತೆರೆದ ಮಾಡು, ಮನೆಯ ಬಾಗಿಲು ಕಿಟಕಿಯಿಂದ ದೂರ. ಮನೆಯ ವೈರಿಂಗಿಗೆ ಕೊಡುವುದಾದರೆ ಚೇಂಜ್ ಓವರ್ ಸ್ವಿಚ್, ಅಂದರೆ ಲೈನ್ ಇಲ್ಲವೇ ಜನರೇಟರ್ ಒಂದನ್ನು ಮಾತ್ರ ಮನೆಗೆ ಸೇರಿಸುವ ಸ್ವಿಚ್, ಇರಲೇಬೇಕು. ಇಲ್ಲದಿದ್ದರೆ ನಿಮ್ಮ ಕರೆಂಟ್ ವಾಪಸ್ ಲೈನಿಗೆ ಹೋಗುತ್ತದೆ. ಆ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತಾ ಲೈನ್‌ಮನ್ ನಮಗೋಸ್ಕರ ಕಂಬದ ಮೇಲಿರುತ್ತಾನೆ.

ಸರಿ, ಹಗ್ಗ ಎಳೆಯುತ್ತೇನೆ. ಒಂದು... ಎರಡು...

[ಎಂಜಿನ್ ಹತ್ತುತ್ತದೆ. ಸಮನಾದ ಸದ್ದು.]

ಆಹಾ! ಇನ್ನು ನಿಲ್ಲಿಸುವುದು. ಸ್ವಿಚ್ ಆಫ್ ಮಾಡುತ್ತೀರಿ, ತಾನೇ? ನಾನು ಮಾಡುವುದಿಲ್ಲ. ಲೋಡ್ ತೆಗೆದು ಕಾಕ್ ಮುಚ್ಚುತ್ತೇನೆ. ಬೌಲಿನಲ್ಲಿರುವುದು ಮುಗಿಯುವ ತನಕ ಓಡಲಿ. ತಳದಲ್ಲಿ ಒಂದಿಷ್ಟು ಉಳಿಯುತ್ತದೆ, ದೀಪಾವಳಿ ಹೊತ್ತಿಗೆ ಎತ್ತಿಡುವಾಗ ಡ್ರೈನ್ ಸ್ಕ್ರೂ ಬಿಚ್ಚಿ ಅದನ್ನೂ ಇಳಿಸುತ್ತೇನೆ, ಟ್ಯಾಂಕ್ ಕೂಡ ಖಾಲಿ. ಎತ್ತಿಡುವುದಕ್ಕೆ ಮನಸ್ಸಿಲ್ಲ ಅನ್ನುವವರು ತಿಂಗಳಿಗೊಮ್ಮೆ ಹೊಸ ಪೆಟ್ರೋಲ್ ಹಾಕಿ, ಒಂದು ಮಿಕ್ಸಿನೋ ಪಂಪೋ ಕೊಟ್ಟು ಕಾಲು ಗಂಟೆ ಓಡಿಸಿ, ಹೀಗೇ ನಿಲ್ಲಿಸಿ.

ಸದ್ದು ಬದಲಾಯಿತು, ಕೇಳಿ.

[ಎಂಜಿನ್ ಒಮ್ಮೆ ಏರಿ, ತಡವರಿಸಿ, ತಾನಾಗಿ ನಿಲ್ಲುತ್ತದೆ. ದೂರದಲ್ಲಿ ಜೀರುಂಡೆ ಸದ್ದು.]

ಅಪ್ಪಯ್ಯಾ, ಗೋಣಿಚೀಲ ಎಲ್ಲಿಟ್ರಿ?