ನಾವು ಮಾರಿದ ಶೇರು ಯಾರ ಕೈಗೆ?

ಕೇಳುಗರಿಗೆ ನಮಸ್ಕಾರ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಬರುವ ನಮ್ಮ ನಿವೃತ್ತರ ಗುಂಪಿನಲ್ಲಿ ಬಿಪಿ, ಶುಗರ್ ಮಾತು ಮುಗಿದರೆ ಮುಂದಿನದು ಮ್ಯೂಚುವಲ್ ಫಂಡ್. ಯಾವುದು ಎಷ್ಟು ಕೊಟ್ಟಿತು ಅನ್ನೋದು ಎಲ್ಲರಿಗೂ ಬಾಯಿಪಾಠ. ಆ ದುಡ್ಡು ಎಲ್ಲಿ ದುಡಿಯುತ್ತಿದೆ ಅಂತ ಕೇಳಿದರೆ ಮಾತ್ರ ಎಲ್ಲರೂ ಕೆರೆ ಕಡೆ ನೋಡುತ್ತಾರೆ.

ಸುಡಾನ್ ವಿಷಯ ಹೇಳುತ್ತೇನೆ. ಅಂತರ್ಯುದ್ಧದ ನಡುವೆಯೇ, 1999ರಲ್ಲಿ, ಅಲ್ಲಿಂದ ಕಚ್ಚಾ ತೈಲ ಹೊರಗೆ ಹೋಗಲು ಶುರುವಾಯಿತು. ಬಾವಿಗಳ ಸುತ್ತಲಿನ ಹಳ್ಳಿಯವರನ್ನು ಹೊಡೆದೋಡಿಸಿದರು, ಬಂದ ದುಡ್ಡು ಮತ್ತೆ ಬಂದೂಕಿಗೇ ಹೋಯಿತು. ಆ ತೈಲ ಯೋಜನೆಯಲ್ಲಿ ಕೆನಡಾದ ಟಾಲಿಸ್ಮನ್ ಕಂಪನಿಗೆ ಶೇಕಡಾ 25 ಪಾಲಿತ್ತು. ಅಲ್ಲಿನ ಚರ್ಚುಗಳು, ಪಿಂಚಣಿ ನಿಧಿಗಳು ಬೆನ್ನು ಬಿದ್ದವು, ಕೆಲವು ಶೇರು ಮಾರಿ ಕೈ ತೊಳೆದುಕೊಂಡವು, ಕೊನೆಗೆ ಕಂಪನಿಯೇ ಸಾಕಪ್ಪಾ ಅಂತ 2003ರಲ್ಲಿ ಪಾಲು ಮಾರಿ ಹೊರಟಿತು.

ಗೆದ್ದ ಹಾಗೆ ಕಾಣುತ್ತೆ, ಅಲ್ವಾ? ಕೊಂಡವರು ಯಾರು ಗೊತ್ತಾ? ನಮ್ಮದೇ ಸರ್ಕಾರಿ ಕಂಪನಿ, ಒಎನ್‌ಜಿಸಿ ವಿದೇಶ್. ಚೀನಾದ ಸರ್ಕಾರಿ ಕಂಪನಿಯ ಶೇಕಡಾ 40, ಮಲೇಷ್ಯಾ ಕಂಪನಿಯ ಶೇಕಡಾ 30 ಪಾಲು ಅಲ್ಲೇ ಇದ್ದವು. ತೈಲ ಹರಿಯುತ್ತಲೇ ಇತ್ತು. ಅದೇ ವರ್ಷ ಸುಡಾನ್‌ನ ಪಶ್ಚಿಮದ ದಾರ್ಫುರ್‌ ಪ್ರಾಂತ್ಯದಲ್ಲಿ ಕೊಲೆ ಶುರುವಾಯಿತು, 2004ರಲ್ಲಿ ಅಮೆರಿಕ ಸರ್ಕಾರ ಅದನ್ನು ನರಮೇಧ ಅಂತಲೇ ಕರೆಯಿತು.

ಅಂದರೆ ಸುಮ್ನೆ ಮಾರಿದರೆ ಮಾಲೀಕ ಬದಲಾಗುತ್ತಾನೆ, ಅಷ್ಟೆ. ದಾರ್ಫುರ್ ಕೊಲೆಗಳನ್ನು ವಿರೋಧಿಸಿ ಚಳವಳಿ ಮಾಡಿದವರು ಇದನ್ನು ಸ್ವಲ್ಪ ಜಾಣತನದಿಂದ ಮಾಡಿದರು. 2005ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ, ಆ ಚೀನಾ ಕಂಪನಿಯದೇ ಅಂಗಸಂಸ್ಥೆಯಾದ ಪೆಟ್ರೋಚೀನಾದ ಶೇರು ಮಾರಿದಾಗ ಕಾರಣವನ್ನು ಊರಿಗೆಲ್ಲ ಹೇಳಿಯೇ ಮಾರಿತು. ಆಮೇಲೆ ಬಂದವರು ಔಷಧ, ಬೇಸಾಯದ ಕಂಪನಿಗಳನ್ನು ಮುಟ್ಟಬೇಡಿ, ಸರ್ಕಾರದ ಜೇಬು ತುಂಬಿಸುವವರನ್ನು ಹಿಡಿಯಿರಿ, ಮೊದಲು ಪತ್ರ ಬರೆಯಿರಿ, ಬಗ್ಗದಿದ್ದರೆ ಮಾರಿ ಅಂದರು. ನನಗೆ ಇದು ಸರಿ ಅನ್ನಿಸುತ್ತೆ. ಆದರೂ ಸರ್ಕಾರಗಳು ಜೊತೆಗೆ ನಿಲ್ಲದೆ ದೊಡ್ಡ ಪೆಟ್ಟು ಬೀಳಲ್ಲ. ವರ್ಣಭೇದದ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ಭಾರತ, ಅದೂ 1946ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. 2003ರ ಭಾರತಕ್ಕೆ ಅದು ನೆನಪಿರಲಿಲ್ಲ ಅಂತ ಕಾಣುತ್ತೆ.

'ಪಿಂಚಣಿ ದುಡ್ಡು ಕಣಯ್ಯ, ಇದರಲ್ಲಿ ಆಟ ಬೇಡ' ಅಂತ ಗುಂಪಿನ ಹಿರಿಯರೊಬ್ಬರು ಗದರಿದರು. ನ್ಯಾಯವೇ. ನಾನು ನಾಳೆಯೇ ಮಾರಿ ಅನ್ನುತ್ತಿಲ್ಲ. ಎಲ್‌ಐಸಿ ಕೈಯಲ್ಲೂ ಒಎನ್‌ಜಿಸಿ ಶೇರುಗಳಿವೆ, ಮಂಡ್ಯದ ಕಬ್ಬಿನ ರೈತನ ಪಾಲಿಸಿಯನ್ನು ಅದಕ್ಕಾಗಿ ಮುರಿಸೋಕಾಗುತ್ತಾ? ಆದರೆ ಮ್ಯೂಚುವಲ್ ಫಂಡ್‌ನವರು ಯಾವ ಕಂಪನಿಯಲ್ಲಿ ಎಷ್ಟು ಹಾಕಿದ್ದಾರೆ ಅನ್ನುವ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸಲೇಬೇಕು. ಅಕ್ಷರ ಸಣ್ಣದು, ಮೊಮ್ಮಕ್ಕಳ ಕೈಲಿ ಓದಿಸಿ. ಅನುಮಾನ ಬಂದ ಹೆಸರಿದ್ದರೆ ಫಂಡ್‌ನವರಿಗೆ ಒಂದು ಇಮೇಲ್ ಹಾಕಿ. ಉತ್ತರ ಬರದಿದ್ದರೆ ಇನ್ನೊಂದು ಹಾಕಿ, ಮಾರುವುದಾದರೆ ಯಾಕೆ ಮಾರುತ್ತಿದ್ದೀರಿ ಅಂತ ಬರೆದು ಆಮೇಲೆ ಮಾರಿ. ನಮಸ್ಕಾರ.